ಒಂದು ಬೆರಳು ಎತ್ತರ

ಟೈರಿನ ಮೈಮೇಲೆ ಬರೆದ ಅಂಕಿಗಳನ್ನು ಓದಲು ಬಾರದವರಿಗೆ ಟೈರು ಮಾರಬಾರದು ಎಂದು ಸರ್ಕಾರ ಒಂದು ಕಾನೂನು ತರಬೇಕು ಎಂಬುದು ನನ್ನ ಬಹಳ ದಿನದ ಅಭಿಪ್ರಾಯ. ಹಾಗೇನಾದರೂ ತಂದರೆ ಮೂರೇ ದಿನಕ್ಕೆ ನಮ್ಮ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನನ್ನ ಹೆಂಡತಿ ರುಕ್ಮಿಣಿ ಹೇಳುತ್ತಾಳೆ. ಮುಚ್ಚಲಿ. ಎಷ್ಟೋ ವರ್ಷದಿಂದ "ಯಾವುದಾದ್ರೂ ಒಂದು ಹಾಕು ಮಾರಾಯ" ಎನ್ನುವ ಗಿರಾಕಿಗಳನ್ನು ಕಂಡು ಕಂಡು ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿದೆ. ಯಾವುದಾದರೂ ಒಂದು ಹಾಕಲು ಇದೇನು ಚಪ್ಪಲಿಯೇ? ಚಪ್ಪಲಿಗೂ ಅಳತೆ ಇದೆ.

ಹೀಗೆ ಜಂಬ ಕೊಚ್ಚುವ ನಾನೇ, ದೇವಾನಂದ, 2006ರ ದೀಪಾವಳಿ ಕಳೆದ ಮೇಲೆ ಒಂದು ಓಮ್ನಿ ವ್ಯಾನಿಗೆ ತಪ್ಪು ಟೈರು ಹಾಕಿದೆ. ತಪ್ಪೆಂದು ಗೊತ್ತಿದ್ದೂ ಹಾಕಿದೆ. ಅದಕ್ಕೆ ಬಸಳೆ ಸೊಪ್ಪು ಕಾರಣ ಎಂದು ಅಮದಳ್ಳಿಯಲ್ಲಿ ಒಬ್ಬಳು ಇವತ್ತಿಗೂ ನಂಬಿದ್ದಾಳೆ. ಅದು ಸುಳ್ಳು. ಪೂರ್ತಿ ಸುಳ್ಳಲ್ಲ, ಆದರೆ ಸುಳ್ಳು.

ನನ್ನ ಅಂಗಡಿ ಕಾರವಾರದಲ್ಲಿ, ಮನೆ ಅಂಕೋಲೆಯಲ್ಲಿ. ಮದುವೆಯಾದ ಮೇಲೆ ಹೆಂಡತಿಯ ಮನೆಯಲ್ಲೇ ಉಳಿದವನು ನಾನು. ಯಾಕೆ ಎಂದು ಯಾರೂ ಕೇಳುವುದು ಬೇಡ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಅಮದಳ್ಳಿ, ಅರ್ಗಾ ದಾಟಿ ಅಂಗಡಿಗೆ ಹೋಗುತ್ತೇನೆ. ಹಾಗಾಗಿ ಅಮದಳ್ಳಿಯ ಸುನಿಲನ ವ್ಯಾನು ನನಗೆ ಮೊದಲಿಂದಲೂ ಗೊತ್ತಿತ್ತು. ಅದನ್ನು ಗುರುತಿಸುವುದು ಕಷ್ಟವೇನಲ್ಲ. ಮುಂದಿನ ಸ್ಪ್ರಿಂಗು ಕತ್ತರಿಸಿ, ಹಿಂದಿನ ಸ್ಪ್ರಿಂಗಿನ ಪಟ್ಟಿ ಇಳಿಸಿ, ಹುಡುಗ ಅದನ್ನು ನೆಲಕ್ಕೆ ಅಷ್ಟು ಹತ್ತಿರ ತಂದಿದ್ದ. ಹೆದ್ದಾರಿಯ ಮೇಲೆ ಹೋಗುತ್ತಿದ್ದರೆ ಬಿದ್ದುಹೋದ ನಾಲ್ಕಾಣೆ ಹುಡುಕುತ್ತ ಹೋಗುವವನ ಹಾಗೆ ಕಾಣುತ್ತಿತ್ತು.

ಒಂದು ಮಂಗಳವಾರ ಅದೇ ವ್ಯಾನು ನನ್ನ ಅಂಗಡಿಯ ಮುಂದೆ ನಿಂತಿತು. ಸುನಿಲ ಹಿಂದಿನ ಬಾಗಿಲು ತೆಗೆದು ನಾಲ್ಕು ಅಲಾಯ್ ಚಕ್ರಗಳನ್ನು ಒಂದೊಂದಾಗಿ ಇಳಿಸಿದ. ಮಡಗಾಂವದಲ್ಲಿ ಯಾರದೋ ಕಾರಿನಿಂದ ಬಿಚ್ಚಿದ್ದು. ಹದಿನಾಲ್ಕು ಇಂಚು.

"ದೇವಾನಂದಣ್ಣ, ಇದ್ಕೆ ಟೈರು ಬೇಕಿತ್ತು. ಯಾವ್ದಾದ್ರೂ ಒಂದು..."

"ಮುಂದೆ ಹೇಳ್ಬೇಡ," ಎಂದೆ.

ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಪಾಟಿ ಇದೆ, ಶಾಲೆಯ ಮಕ್ಕಳದ್ದು. ಲೆಕ್ಕ ಹಾಕುವುದು ಅದರ ಮೇಲೆಯೇ. ವ್ಯಾನಿಗೆ ಕಂಪನಿಯವರು ಕೊಟ್ಟ ಚಕ್ರ ಹನ್ನೆರಡು ಇಂಚಿನದು. ಟೈರೂ ಸೇರಿ ನೆಲದಿಂದ ತಲೆಯವರೆಗೆ ಐನೂರ ಮೂವತ್ತೇಳು ಮಿಲಿಮೀಟರ್. ಚಕ್ರ ಎರಡು ಇಂಚು ದೊಡ್ಡದಾದರೆ ಅದರ ಸುತ್ತ ಇರುವ ರಬ್ಬರು ಅಷ್ಟೇ ತೆಳ್ಳಗಾಗಬೇಕು. ಇಲ್ಲದಿದ್ದರೆ ಇಳಿಸಿದ ಗಾಡಿಯಲ್ಲಿ ಟೈರು ಮೇಲೆ ಉಜ್ಜುತ್ತದೆ, ಮೀಟರು ಸುಳ್ಳು ಹೇಳುತ್ತದೆ. ನಾನು ಪಾಟಿಯ ಮೇಲೆ ಬರೆದೆ: 165/55, 14. ಅಗಲ ನೂರ ಅರವತ್ತೈದು. ಅದರಲ್ಲಿ ನೂರಕ್ಕೆ ಐವತ್ತೈದರಷ್ಟು ರಬ್ಬರಿನ ಎತ್ತರ. ಕೂಡಿಸಿದರೆ ಮತ್ತೆ ಐನೂರ ಮೂವತ್ತೇಳು. ಇಂಥ ಲೆಕ್ಕ ಸರಿ ಬಂದಾಗ ನನಗೆ ಊಟ ಮಾಡಿದಷ್ಟು ತೃಪ್ತಿಯಾಗುತ್ತದೆ.

"ಅದು ಎಂತಾ ಬರೀತೆ ತಮಾ?" ಎಂದು ವ್ಯಾನಿನೊಳಗಿನಿಂದ ಯಾರೋ ಕೇಳಿದರು.

ಜಾರುಬಾಗಿಲು ತೆರೆದಿತ್ತು. ಒಳಗೆ ಸೊಪ್ಪಿನ ಬುಟ್ಟಿಯ ಪಕ್ಕ ಸುನಿಲನ ಅಜ್ಜಿ ಕಾಮಿ ಕೂತಿದ್ದಳು. ಕಾರವಾರದ ಪೇಟೆಯಲ್ಲಿ ಐವತ್ತು ವರ್ಷದಿಂದ ಒಂದೇ ಜಾಗದಲ್ಲಿ ಕೂತು ಹರಿವೆ, ಬಸಳೆ, ಮೊಗೆಕಾಯಿ ಮಾರುವವಳು. ರುಕ್ಮಿಣಿ ನನಗೆ ಸೊಪ್ಪು ತರಲು ಹೇಳಿದರೆ "ಕಾಮಜ್ಜಿ ಹತ್ರ ತನ್ನಿ, ಬೇರೆ ಕಡೆ ತಂದ್ರೆ ವಾಪಸ್ ಕಳಿಸ್ತೆ" ಎನ್ನುತ್ತಾಳೆ.

"ನಿನ್ನ ಮೊಮ್ಮಗ ದೊಡ್ಡ ಚಕ್ರ ತಂದಿದಾನೆ ಅಜ್ಜಿ. ಮಾವಿನ ಹಣ್ಣಿನ ಹಾಗೆ ಅಂತ ತಿಳ್ಕೋ. ಗೊರಟು ದೊಡ್ಡದಾದ್ರೆ ತಿರುಳು ಕಮ್ಮಿ ಆಗ್ಬೇಕು. ಹಣ್ಣು ಅಷ್ಟೇ ಇರ್ತದೆ."

ಅವಳು ಸ್ವಲ್ಪ ಯೋಚಿಸಿದಳು. "ಅಷ್ಟು ದೂರ ಹೋಗಿ ಗೊರಟು ತಕ್ಕಂಡು ಬಂದ್ಯೇನಾ ಸುನಿಲ?" ಎಂದಳು.

ಸುನಿಲ ಮುಖ ಊದಿಸಿಕೊಂಡು ಪಕ್ಕದ ಗೂಡಂಗಡಿಗೆ ಚಹಾ ಹೇಳಲು ಹೋದ. ಅವನು ಅತ್ತ ಹೋದದ್ದೇ ಕಾಮಜ್ಜಿ ಬಾಗಿಲ ಅಂಚಿಗೆ ಜರುಗಿ ನನ್ನನ್ನು ಕೈ ಮಾಡಿ ಕರೆದಳು.

"ಹಣ್ಣು ಅಷ್ಟೇ ಇರ್ತದೆ ಅಂದ್ಯಲ್ಲ, ಹೌದಾ? ಗಾಡಿ ಎತ್ತರ ಆಗೂದಿಲ್ಲ ಅಲ್ಲ?"

"ಆಗೂದಿಲ್ಲ. ಯಾಕೆ?"

ಆಗ ಅವಳು ವಿಷಯ ಹೇಳಿದಳು. ಕಳೆದ ಮಳೆಗಾಲದಲ್ಲಿ ಬಸ್ಸಿನ ಮೆಟ್ಟಿಲಿಗೆ ಅವಳ ಮೊಣಕಾಲು ಏರಲಿಲ್ಲ. ಕಂಡಕ್ಟರು ಅವಳ ರಟ್ಟೆ ಹಿಡಿದು ಅಕ್ಕಿ ಮೂಟೆಯ ಹಾಗೆ ಒಳಗೆಳೆದುಕೊಂಡ. ಬಸ್ಸಿನಲ್ಲಿದ್ದವರು ನಕ್ಕರು. ಮನೆಗೆ ಬಂದು ಹೇಳಿದರೆ ಸೊಸೆ ದೇವಿ, ಅಂದರೆ ಸುನಿಲನ ತಾಯಿ, "ಸಾಕು ಅತ್ತೆ, ಇನ್ನು ಬುಟ್ಟಿ ನಂಗೆ ಕೊಟ್ಟು ಮನೇಲಿ ಕೂತ್ಕಣಿ" ಎಂದಳಂತೆ. ಮಾತಿಗೆ ಮಾತು ಬೆಳೆಯಿತು. ಕಡೆಗೆ ಕಾಮಜ್ಜಿ ಕೇರಿಯವರೆಲ್ಲ ಕೇಳುವ ಹಾಗೆ ಅಂಗಳದಲ್ಲಿ ನಿಂತು ಪಂಥ ಕಟ್ಟಿದಳು: ಇನ್ನೊಬ್ಬರ ಕೈ ಹಿಡಿದು ಗಾಡಿ ಹತ್ತುವ ದಿನ ಬಂದರೆ ಆವತ್ತೇ ಬುಟ್ಟಿ ಸೊಸೆಯದು. ಅಲ್ಲಿಯವರೆಗೆ ಯಾರೂ ಬಾಯಿ ತೆಗೆಯಬಾರದು.

"ಬಸ್ಸು ಆಗೂದಿಲ್ಲ ನಂಗೆ. ಈ ಮಗ ಶೋಕಿಗೆ ಗಾಡಿ ಗಿಡ್ಡ ಮಾಡ್ದ. ಊರೆಲ್ಲ ಬೈದ್ರು. ನಾ ಮಾತ್ರ ಬೈಲಿಲ್ಲ. ನನ್ನ ಕಾಲು ಎಷ್ಟು ಏಳ್ತದೆ, ಅಷ್ಟಕ್ಕೇ ಬಂದು ನಿಂತದೆ ಇದು. ಒಂದು ಬೆರಳು ಮೇಲಾದ್ರೆ ನಾ ಸೋತೆ."

ಹೇಳಿ, ಎರಡು ಕಟ್ಟು ಕೆಂಪು ಹರಿವೆಯನ್ನು ನನ್ನ ಕೈಯಲ್ಲಿಟ್ಟಳು. ನಾನು ಬೇಡ ಎನ್ನಲಿಲ್ಲ. ಲೆಕ್ಕ ಹೇಗೂ ಐವತ್ತೈದೇ ಬಂದಿತ್ತು; ಸರಿಯಾದ ಕೆಲಸಕ್ಕೆ ಸೊಪ್ಪು ತೆಗೆದುಕೊಂಡರೆ ಅದು ಲಂಚವಾಗುವುದಿಲ್ಲ.

ಮರುದಿನ ಬೆಳಿಗ್ಗೆ ಅಂಕೋಲೆಯಿಂದ ಬರುತ್ತಿದ್ದಾಗ ಅಮದಳ್ಳಿಯ ಬಸ್ಸು ನಿಲ್ದಾಣದ ಹತ್ತಿರ ಒಬ್ಬ ಹೆಂಗಸು ಕೈ ಅಡ್ಡ ಹಾಕಿದಳು. ಕೈ ತುಂಬ ಬಳೆ, ಬಳೆಯಲ್ಲಿ ನಾಲ್ಕಾರು ಪಿನ್ನು, ಕಂಕುಳಲ್ಲಿ ಒಂದು ದೊಡ್ಡ ಬಸಳೆಯ ಹೊರೆ.

"ಟೈರಿನ ಅಣ್ಣ ಅಂದ್ರೆ ನೀವೇ ಅಲ್ಲ? ನಾ ದೇವಿ. ಸುನಿಲನ ಅಮ್ಮ."

"ಹೇಳು."

"ಒಂದು ಬೆರಳು ಎತ್ತರದ್ದು ಸಿಗ್ತದಾ?"

ನಾನು ಸ್ಕೂಟರು ಬಂದ್ ಮಾಡಿದೆ. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ. ಅತ್ತೆಗೆ ಎಪ್ಪತ್ತು ದಾಟಿದೆ, ಕಾಲು ಬಾತುಕೊಳ್ಳುತ್ತದೆ, ಹೇಳಿದರೆ ಕೇಳುವುದಿಲ್ಲ. ತಾನೂ ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಸೊಪ್ಪು ಬೆಳೆಯುವವಳು ತಾನು, ನೀರು ಹಾಕುವವಳು ತಾನು, ಕೊಯ್ದು ಕಟ್ಟುವವಳೂ ತಾನು. ಪೇಟೆಯಲ್ಲಿ ಕೂತು ನಾಲ್ಕು ಜನರ ಹತ್ತಿರ ಮಾತಾಡಿ ಬರುವವಳು ಮಾತ್ರ ಅತ್ತೆ.

"ನಂಗೂ ಒಂದಿನ ಪೇಟೆಲಿ ಕೂತ್ಕಣೂಕೆ ಆಸೆ ಇರೂದಿಲ್ವಾ ಅಣ್ಣಾ?" ಎಂದು ಕೇಳಿದಳು.

ನ್ಯಾಯವಾದ ಮಾತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇಲ್ಲಿ ಅತ್ತೆಯ ಕಾಲು ಬೀಳದೆ ಸೊಸೆಯ ಕಾಲ ಬರುವಂತಿರಲಿಲ್ಲ. ನಾನು "ನೋಡುವ, ಮಡಗಾಂವದಿಂದ ಏನು ಬರ್ತದೆ ಅಂತ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಅವಳು ಬಸಳೆಯನ್ನು ನನ್ನ ಸ್ಕೂಟರಿನ ಮುಂದೆ ಇಟ್ಟು ಹೋದಳು. ಆ ರಾತ್ರಿ ರುಕ್ಮಿಣಿ ಸುಂಗಟೆ, ಅಂದರೆ ಸೀಗಡಿ, ಹಾಕಿ ಬಸಳೆಯ ಆಂಬಟ ಸಾರು ಮಾಡಿದಳು. ಚೆನ್ನಾಗಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಐವತ್ತೈದರ ಟೈರು ಕಾರವಾರದಲ್ಲಿ ಸಿಗುವುದಿಲ್ಲ, ಮಡಗಾಂವದ ಸಗಟು ವ್ಯಾಪಾರಿಗೆ ಫೋನ್ ಮಾಡಿ ತರಿಸಬೇಕು. ಅವನೂ ಕೊಂಕಣಿ, ನಾನೂ ಕೊಂಕಣಿ. ನಾನು ಲೆಕ್ಕ ಹಾಕುವುದು ಕನ್ನಡದಲ್ಲಿ, ಆರ್ಡರು ಕೊಡುವುದು ಕೊಂಕಣಿಯಲ್ಲಿ, ಅವನು ಬರೆದುಕೊಳ್ಳುವುದು ಇಂಗ್ಲಿಷಿನಲ್ಲಿ. ಇದರಲ್ಲಿ ಅಪಾಯ ಇದೆ ಎಂದು ಇಪ್ಪತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಆವತ್ತು ಫೋನಿನ ಲೈನು ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಚಟ ಎನ್ನುತ್ತಿತ್ತು. ಅಗಲದ ಅಂಕಿ ಅವನಿಗೆ ಕೇಳಿಸಿತು. ಎರಡನೆಯದು ಐವತ್ತೈದೋ ಅರವತ್ತೈದೋ ಎಂದು ಕೇಳಿದ. ಕೊಂಕಣಿಯಲ್ಲಿ ಐವತ್ತೈದಕ್ಕೆ ಪಂಚಾವನ, ಅರವತ್ತೈದಕ್ಕೆ ಪಾಸಷ್ಟ. ನಾನು ಗಟ್ಟಿಯಾಗಿ, ಒಂದಕ್ಕೆ ಎರಡು ಸಲ ಖಾತ್ರಿಯಾಗಲಿ ಎಂದು, "ಪಂಚಾವನ, ಪಾಸಷ್ಟ ನ್ಹಯ್" ಎಂದೆ. ನ್ಹಯ್ ಎಂದರೆ ಅಲ್ಲ. ಪಂಚಾವನ ಅನ್ನುವಾಗ ಅಂಗಡಿಯ ಮುಂದೆ ಒಂದು ಲಾರಿ ಹಾರ್ನು ಹೊಡೆಯಿತು. ಪಾಸಷ್ಟ ಅನ್ನುವಾಗ ಲೈನು ಗಂಟೆ ಹೊಡೆದಷ್ಟು ಸ್ಪಷ್ಟವಾಗಿತ್ತು. ನ್ಹಯ್ ಅನ್ನುವಷ್ಟರಲ್ಲಿ ಲೈನು ಕಟ್ಟಾಯಿತು.

ಕನ್ನಡವಿರಲಿ ಕೊಂಕಣಿಯಿರಲಿ, ನಮ್ಮ ಮಾತಿನಲ್ಲಿ 'ಅಲ್ಲ' ಬರುವುದು ಎಲ್ಲಕ್ಕಿಂತ ಕೊನೆಗೆ. ಕೊನೆಯವರೆಗೆ ಕೇಳದವನಿಗೆ ನಾವು ಬೇಡ ಎಂದದ್ದೂ ಬೇಕು ಎಂದ ಹಾಗೆಯೇ ಕೇಳಿಸುತ್ತದೆ.

ಮೂರನೆಯ ದಿನ ಗೋವಾ ಬಸ್ಸಿನ ಮೇಲೆ ನಾಲ್ಕು ಟೈರು ಬಂದವು. 165/65. ನೋಡಿದ ತಕ್ಷಣ ನನಗೆ ಮಡಗಾಂವದವನ ಮೇಲೆ ಸಿಟ್ಟು ಬಂತು, ಆಮೇಲೆ ಲಾರಿಯವನ ಮೇಲೆ, ಆಮೇಲೆ ಟೆಲಿಫೋನಿನ ಮೇಲೆ. ಪಾಟಿ ತೆಗೆದು ಲೆಕ್ಕ ಹಾಕಿದೆ. ಟೈರು ಮೂವತ್ತಮೂರು ಮಿಲಿಮೀಟರ್ ದೊಡ್ಡದು. ಅದರ ಅರ್ಧದಷ್ಟು ಗಾಡಿ ಮೇಲೇಳುತ್ತದೆ. ಹದಿನಾರೂವರೆ. ನನ್ನ ತೋರುಬೆರಳನ್ನು ಅಳತೆಪಟ್ಟಿಯ ಮೇಲೆ ಅಡ್ಡ ಇಟ್ಟು ನೋಡಿದೆ. ಸರಿಯಾಗಿ ಒಂದು ಬೆರಳು.

ಅಷ್ಟು ಹೊತ್ತಿಗೆ ಸುನಿಲ ವ್ಯಾನು ತಂದು ನಿಲ್ಲಿಸಿದ್ದ. ಮರುದಿನ ಹಿಲ್ಲೂರಿಗೆ ಒಂದು ನಿಶ್ಚಿತಾರ್ಥದ ಬಾಡಿಗೆ ಹಿಡಿದಿದ್ದ, ಹೊಸ ಚಕ್ರದ ಮೇಲೆಯೇ ಹೋಗಬೇಕಿತ್ತು. "ಬಂತಾ ಅಣ್ಣ?" ಎಂದು ಟೈರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಅವನಿಗೆ ಟೈರಿನ ಅಂಕಿ ಓದಲು ಬರುವುದಿಲ್ಲ. ಪಾಟಿಯ ಮೇಲೆ 55 ಎಂದು ನಾನೇ ಬರೆದು, ಭಾಷಣವನ್ನೂ ಮಾಡಿದ್ದೆ. ಈಗ ತಪ್ಪು ಬಂದಿದೆ ಎಂದು ಹೇಳಿದರೆ ತಪ್ಪಿದವನು ನಾನು ಎಂದಾಗುತ್ತದೆ. ಒಂದು ಬೆರಳು, ಏನು ಮಹಾ ಎಂದುಕೊಂಡೆ. ಬಸಳೆ ನೆನಪಾಗಲಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಲಾರೆ. ಟೈರು ಒಳಗೆ ತಾಗುತ್ತಿದ್ದ ಕಡೆ ಕೆಸರು ತಡೆಯುವ ರಬ್ಬರಿನ ಪರದೆ ಕತ್ತರಿಸಿ, ನಾಲ್ಕೂ ಹಾಕಿ ಕಳಿಸಿಬಿಟ್ಟೆ.

ಎರಡು ದಿನ ಬಿಟ್ಟು ಸುನಿಲ ಬಂದ.

"ಎಡಗಡೆ ಎರಡಕ್ಕೂ ಗಾಳಿ ಕಮ್ಮಿ ಆಗದೆ ಅಣ್ಣ."

ಗಾಳಿ ತುಂಬಿಸಿದೆ. ಮರುದಿನವೂ ಬಂದ. ಮತ್ತೆ ಎಡಗಡೆಯ ಎರಡು. ನಾನು ಚಕ್ರ ಬಿಚ್ಚಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆ ಏಳಲಿಲ್ಲ. ವಾಲ್ವು ಬದಲಿಸಿದೆ. ಮಾರನೆಯ ದಿನ ಎಂಟೂವರೆಗೆ, ಅಜ್ಜಿಯನ್ನು ಪೇಟೆಯಲ್ಲಿ ಇಳಿಸಿ, ದಿನಾ ವ್ಯಾನಿನಲ್ಲಿ ಬರುವ ನೌಕರರನ್ನು ಕಚೇರಿಗೆ ಬಿಟ್ಟು ಮತ್ತೆ ಹಾಜರು. ಅಲಾಯ್ ಚಕ್ರ ಸೀಳಿರಬೇಕು ಎಂದು ಅದನ್ನು ಮಾರಿದವನನ್ನು ಬೈದೆ. ಮರುದಿನ ಅಜ್ಜಿ ಪೇಟೆಗೆ ಬರುವುದಿಲ್ಲ ಎಂದ ಒಂದು ಸಂಜೆ ವ್ಯಾನನ್ನು ನನ್ನ ಅಂಗಡಿಯ ಮುಂದೆಯೇ ಬಿಟ್ಟು ಹೋಗಲು ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ನಾಲ್ಕೂ ಟೈರು ಕಲ್ಲಿನ ಹಾಗೆ ಗಟ್ಟಿ. ಅಮದಳ್ಳಿಗೆ ಹೋದದ್ದೇ ಮತ್ತೆ ಗಾಳಿ ಇಲ್ಲ.

"ಅಮ್ಮ ಹೇಳ್ತು, ಜಟಗನ ದೋಷ ಇರ್ಬೇಕು ಅಂತ. ಹೊಸ ಚಕ್ರ ಹಾಕ್ದಾಗ ಕಾಯಿ ಒಡೀಲಿಲ್ಲ ನೋಡು. ಅಮ್ಮನೇ ಮುಂದೆ ನಿಂತು ಜಟಗನಿಗೆ ಕಾಯಿ ಇಡ್ಸಿತು," ಎಂದ ಸುನಿಲ. ಜಟಗ ಅಂದರೆ ಅವರ ಊರು ಕಾಯುವ ದೇವರು.

"ಇಟ್ಟ ಮೇಲೆ?"

"ಬಲಗಡೆಯವು ಸರಿ ಅದೆ."

"ಬಲಗಡೆಯವು ಯಾವತ್ತೂ ಸರಿಯೇ ಇತ್ತಲ್ಲ ಮಾರಾಯ."

ಅವನು ತಲೆ ಕೆರೆದುಕೊಂಡ. "ಅಜ್ಜಿಗೂ ಈಗ ಹುಷಾರಿಲ್ಲ ಅಣ್ಣ. ಬೆಳಿಗ್ಗೆ ಹೊರಡೂ ಹೊತ್ತಿಗೆ ಕೆಮ್ಮು. ಅದೊಂದೇ ಹೊತ್ತು. ಡಾಕ್ಟ್ರು ನೋಡಿ ಎದೆ ಚೊಕ್ಕ ಅದೆ ಅಂದ್ರು. ಮೊದಲ ದಿನ ಗಾಡಿ ನೋಡಿ, ಇದು ಒಂದು ಬೆರಳು ಬೆಳೆದದೆ ಅಂತ ಹೇಳ್ತು. ನಾ ನಕ್ಕೆ."

ನನಗೆ ನಗು ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ತೋರುಬೆರಳನ್ನು ಮಡಚಿಕೊಂಡೆ. ಇನ್ನೊಂದು ಚಿಂತೆಯೂ ಇತ್ತು. ಗಾಳಿ ಇಲ್ಲದ ಟೈರಿನ ಮೇಲೆ ದಿನಾ ಹದಿಮೂರು ಕಿಲೋಮೀಟರ್ ಓಡಿದರೆ ಅದರ ಪಕ್ಕೆ ಸೀಳುತ್ತದೆ. ಜನ ತುಂಬಿದ ವ್ಯಾನು ಅರ್ಗಾದ ತಿರುವಿನಲ್ಲಿ ಮಗುಚಿದರೆ ಆ ಪಾಪವನ್ನು ಯಾವ ಪಾಟಿಯ ಮೇಲೆ ಬರೆಯಲಿ?

ಮರುದಿನ ಆರು ಗಂಟೆಗೇ ಅಂಕೋಲೆ ಬಿಟ್ಟೆ. "ಇಷ್ಟು ಬೇಗ ಯಾವ ಟೈರು?" ಎಂದು ರುಕ್ಮಿಣಿ ಸಂಶಯದಿಂದ ಕೇಳಿದಳು. ಅಮದಳ್ಳಿಯಲ್ಲಿ ಸ್ಕೂಟರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಗದ್ದೆಯ ಅಂಚಿನಲ್ಲಿ ನಡೆದು ಸುನಿಲನ ಮನೆಯ ಹಿತ್ತಲಿಗೆ ಬಂದೆ. ನಲವತ್ತೇಳು ವರ್ಷದ ವ್ಯಾಪಾರಿ ಹುಲ್ಲಿನ ರಾಶಿಯ ಹಿಂದೆ ಅಡಗಿ ಕೂತುಕೊಳ್ಳುವುದು ಶೋಭೆಯಲ್ಲ. ಆದರೂ ಕೂತೆ.

ಸುನಿಲ ಬಾವಿಯ ಹತ್ತಿರ ಸ್ನಾನ ಮಾಡುತ್ತಿದ್ದ. ವ್ಯಾನು ಅಂಗಳದಲ್ಲಿತ್ತು. ಒಳಗಿನಿಂದ ದೇವಿ ಪೊರಕೆ ಹಿಡಿದುಕೊಂಡು ಬಂದಳು. ಅತ್ತಿತ್ತ ನೋಡಿ, ಪೊರಕೆಯನ್ನು ಕೆಳಗಿಟ್ಟು, ಎಡಗಡೆಯ ಹಿಂದಿನ ಚಕ್ರದ ಪಕ್ಕ ಕೂತಳು. ವಾಲ್ವಿನ ಮುಚ್ಚಳ ಬಿಚ್ಚಿ, ಬಳೆಯಿಂದ ಒಂದು ಪಿನ್ನು ತೆಗೆದು ಒತ್ತಿದಳು. ಗಾಳಿ ಸುಯ್ ಎಂದು ಬಂತು.

ಜಟಗ ಸಿಕ್ಕಿಬಿದ್ದ ಎಂದು ನನಗೆ ಖುಷಿಯಾಯಿತು. ಎದ್ದು ನಿಲ್ಲಬೇಕು ಅನ್ನುವಷ್ಟರಲ್ಲಿ ಅವಳು ಇನ್ನೊಂದು ಕೆಲಸ ಮಾಡಿದಳು. ಜಾರುಬಾಗಿಲಿನ ಹೊಸ್ತಿಲಿಗೆ ತನ್ನ ಮೊಣಕಾಲು ತಾಗಿಸಿ, ಬೆರಳಿಟ್ಟು ಅಳೆದು ನೋಡಿದಳು. ಮತ್ತೆ ಕೂತು ಇನ್ನಷ್ಟು ಗಾಳಿ ಬಿಟ್ಟಳು. ಗಾಡಿ ಆ ಕಡೆಗೆ ಸ್ವಲ್ಪ ವಾಲಿತು. ಒಳಗಿನಿಂದ ಕಾಮಜ್ಜಿಯ ಕೆಮ್ಮು ಕೇಳಿಸಿತು. ದೇವಿ ಅವಸರದಿಂದ ಮುಂದಿನ ಚಕ್ರಕ್ಕೆ ಜರುಗಿದಳು. ಕೆಮ್ಮು ಇನ್ನೊಮ್ಮೆ ಬಂತು, ಈ ಸಲ ಜಗಲಿಯ ಹತ್ತಿರದಿಂದ. ಅವಳು ಮುಚ್ಚಳ ತಿರುಗಿಸಿ, ಪಿನ್ನನ್ನು ಬಳೆಗೆ ಸಿಕ್ಕಿಸಿ, ಪೊರಕೆ ಎತ್ತಿಕೊಂಡು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸತೊಡಗಿದಳು.

ಕಾಮಜ್ಜಿ ಬುಟ್ಟಿ ಹಿಡಿದು ಹೊರಗೆ ಬಂದಳು. ಬುಟ್ಟಿಯನ್ನು ಒಳಗಿಟ್ಟು, ಬಾಗಿಲ ಅಂಚು ಹಿಡಿದು, ಬಲಗಾಲು ಎತ್ತಿ ಹೊಸ್ತಿಲ ಮೇಲಿಟ್ಟಳು. ಒಂದು ಕ್ಷಣ ನಿಂತು, ಮೈ ಎಳೆದುಕೊಂಡು ಹತ್ತಿ ಕೂತಳು. ಯಾರ ಕೈಯೂ ಇಲ್ಲ.

"ಕಂಡ್ಯೇನೇ ದೇವಿ?"

"ಕಂಡೆ ಅತ್ತೆ. ನಾಳೆ ಕಾಂಬ."

ವ್ಯಾನು ಹೋದ ಮೇಲೆ ನಾನು ಹುಲ್ಲು ಕೊಡವಿಕೊಂಡು ಎದ್ದೆ. ದೇವಿ ಬೆಚ್ಚಿಬಿದ್ದು ಪೊರಕೆಯನ್ನು ಎತ್ತಿಯೇಬಿಟ್ಟಳು. ನನ್ನನ್ನು ಗುರುತಿಸಿದ ಮೇಲೂ ಸ್ವಲ್ಪ ಹೊತ್ತು ಇಳಿಸಲಿಲ್ಲ.

"ಎತ್ತರದ್ದು ಬೇಕು ಅಂತ ಬಸಳೆ ಕೊಟ್ಟವಳು ನೀನು. ಈಗ ಗಾಳಿ ಬಿಟ್ಟು ಇಳ್ಸೂದೂ ನೀನೇ. ಇದೆಂತ ಆಟ?"

ಅವಳು ಜಗಲಿಯ ಮೇಲೆ ಕೂತಳು. "ಮೊದಲ ದಿನ ಅತ್ತೆಗೆ ಹತ್ತೂಕೆ ಆಗ್ಲಿಲ್ಲ ಅಣ್ಣಾ. ಕಾಲು ಎತ್ತಿತು, ಸಾಕಾಗ್ಲಿಲ್ಲ. ಎಲೆಯಡಿಕೆ ಕವಳದ ಚೀಲ ಮರ್ತೆ ಅಂತ ಹೇಳಿ ಒಳಗೆ ಹೋಯ್ತು. ಗೆದ್ದೆ ಅಂತ ನಾನೂ ಹಿಂದೆ ಹೋದೆ. ನೋಡಿದ್ರೆ ಅಡುಗೆಮನೇಲಿ ನಿಂತು ತನ್ನ ಮೊಣಕಾಲಿಗೆ ತಾನೇ ಗುದ್ಕಂತಿತ್ತು. ನಾಯಿಗೆ ಬೈದ ಹಾಂಗೆ ಕಾಲಿಗೆ ಬೈತಿತ್ತು. ಕಣ್ಣಲ್ಲಿ ನೀರು. ಕವಳದ ಚೀಲ ಸೊಂಟದಲ್ಲೇ ಇತ್ತು."

ಅವಳು ಬಳೆಯ ಪಿನ್ನನ್ನು ಬಿಚ್ಚಿ ಮತ್ತೆ ಸಿಕ್ಕಿಸಿದಳು.

"ನಂಗೆ ಬುಟ್ಟಿ ಬೇಕಿತ್ತು. ಹಾಂಗೆ ಬೇಕಾಗಿರ್ಲಿಲ್ಲ. ಅತ್ತೆ ಹೊರಗೆ ಬರೂದ್ರೊಳಗೆ ನಾ ಬಂದು ಗಾಳಿ ಬಿಟ್ಟೆ. ಹತ್ತಿ ಹೋಯ್ತು. ಮರುದಿನಾನೂ ಬಿಡ್ಬೇಕಾಯ್ತು."

ನಾನು ಹೇಳಿದೆನಲ್ಲ, ನಮ್ಮ ಮಾತಿನಲ್ಲಿ 'ಅಲ್ಲ' ಕೊನೆಗೆ ಬರುತ್ತದೆ ಎಂದು. ಬಸ್ಸು ನಿಲ್ದಾಣದಲ್ಲಿ ಇವಳ ಮಾತನ್ನು ನಾನೂ ಅರ್ಧಕ್ಕೇ ಕೇಳಿದ್ದೆ. ಆ ನಾಚಿಕೆ ಮುಚ್ಚಿಕೊಳ್ಳಲು ಗಾಳಿ ಇಲ್ಲದ ಟೈರಿನ ಅಪಾಯದ ಬಗ್ಗೆ ಸಿಡುಕುತ್ತ ಉಪನ್ಯಾಸ ಮಾಡಿದೆ. ಆಮೇಲೆ ತಪ್ಪು ನನ್ನದು, ಐವತ್ತೈದರ ಬದಲು ಅರವತ್ತೈದು ಬಂತು ಎಂದು ಫೋನಿನ ಕತೆಯನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಇರ್ಲಿ ಅಣ್ಣಾ. ಬಸಳೆ ತಿಂದದ್ದಕ್ಕೆ ಹಾಕಿದ್ರಿ ಅಂತ ಹೇಳೂಕೆ ನಾಚ್ಕೆ ಎಂತಕ್ಕೆ?"

"ಬಸಳೆಗಲ್ಲ."

"ಹೌದು ಹೌದು," ಎಂದಳು. "ಒಂದು ಮಾತು. ಅತ್ತೆಗೆ ಹೇಳ್ಬೇಡಿ. ನಾ ಇಳ್ಸಿ ಕೊಟ್ಟೆ ಅಂತ ಗೊತ್ತಾದ್ರೆ ಅದು ನನ್ನ ಕೈ ಹಿಡದು ಹತ್ತಿದ ಹಾಂಗೇ. ನಾಳಿಂದ ಮನೆ ಬಿಟ್ಟು ಏಳೂದಿಲ್ಲ."

ಆವತ್ತೇ ಮಡಗಾಂವಕ್ಕೆ ಫೋನ್ ಮಾಡಿದೆ. ಈ ಸಲ ಯಾವುದು ಅಲ್ಲ ಎಂದು ಹೇಳುವ ಗೋಜಿಗೇ ಹೋಗಲಿಲ್ಲ. ಪಂಚಾವನ, ಪಂಚಾವನ, ಪಂಚಾವನ ಎಂದು ನಾಮಜಪ ಮಾಡಿದೆ. "ಕಿತ್ತೆಂ ಜಾಲೆಂ ರೆ ತುಕಾ?" ಎಂದು ಅವನು ಕೇಳಿದ, ನಿನಗೆ ಏನಾಯಿತೋ ಎಂದು. ಟೈರು ಬಂದ ಮೇಲೆ ಸುನಿಲನನ್ನು ಕರೆಸಿ, ಹಳೆಯದರ ಪಕ್ಕೆ ಸೀಳಿದೆ, ತಪ್ಪು ಟೈರು ಹಾಕಿದವರು ನಾವೇ, ನಮ್ಮ ಕಡೆಯಿಂದಲೇ ಬದಲಿ ಎಂದೆ. ಪಕ್ಕೆ ನಿಜವಾಗಿಯೂ ಸೀಳತೊಡಗಿತ್ತು. ನಾನು ತಪ್ಪು ಎಂಬ ಶಬ್ದ ಆಡಿದ್ದನ್ನು ಕೇಳಿ ಪಕ್ಕದ ಗೂಡಂಗಡಿಯವನು ಎದ್ದು ಬಂದು ನೋಡಿದ.

ಮರುದಿನದಿಂದ ಸುನಿಲ ಗಾಳಿಗೆ ಬರಲಿಲ್ಲ. ಜಟಗನ ಮಹಿಮೆ ಎಂದು ಊರಿನಲ್ಲಿ ಮಾತಾಯಿತು. ಕಾಯಿ ಕೊಂಚ ತಡವಾಗಿ ಮುಟ್ಟಿತು, ಅಷ್ಟೇ ಎಂದರು.

ಹದಿನೈದು ದಿನ ಬಿಟ್ಟು, ಒಂದು ಭಾನುವಾರದ ಸಂತೆಗೆ ಹೋದೆ. ಕಾಮಜ್ಜಿ ತನ್ನ ಜಾಗದಲ್ಲಿ ಕಾಲು ಚಾಚಿ ಕೂತು ಹರಿವೆಗೆ ಬಾಳೆನಾರು ಸುತ್ತುತ್ತಿದ್ದಳು.

"ಹತ್ತೂಕೆ ಸರಿ ಆಗ್ತದಾ ಅಜ್ಜಿ?"

"ಆಗ್ತದೆ ತಮಾ. ಗಾಡಿ ನನ್ನ ಕಾಲಿನ ಅಳತೆಗೇ ಬಂದದೆ."

"ಕೆಮ್ಮು ಹೆಂಗದೆ? ಸುನಿಲ ಹೇಳ್ತಿದ್ದ."

"ನೀ ಟೈರು ಬದ್ಲಿ ಮಾಡ್ದ ದಿನದಿಂದ ಇಲ್ಲ."

"ಟೈರಿಗೂ ಕೆಮ್ಮಿಗೂ ಎಂತ ಸಂಬಂಧ?"

ಅವಳು ನಾರನ್ನು ಹಲ್ಲಿನಿಂದ ಕಡಿದು ಗಂಟು ಬಿಗಿದಳು. ಕಟ್ಟನ್ನು ಬುಟ್ಟಿಯಲ್ಲಿಟ್ಟು, ಇನ್ನೊಂದನ್ನು ಎತ್ತಿಕೊಂಡಳು.

"ಎರಡು ಚಕ್ರದ ಗಾಳಿ ಬಿಡೂಕೆ ಹೊತ್ತು ಬೇಕಲ್ಲ. ನಾ ಸಟ್ಟಂತ ಹೊರಗೆ ಬಂದ್ಬಿಟ್ರೆ ಆ ಹೆಣ್ಣು ಸಿಕ್ಕಿಬೀಳ್ತಿತ್ತು. ಅದ್ಕೇ ಒಳಗಿಂದ ಒಂದು, ಜಗಲಿಗೆ ಬಂದು ಒಂದು ಕೆಮ್ಮತಿದ್ದೆ. ಈಗ ಯಾರಿಗೆ ಕೇಳ್ಲಿ ಅಂತ ಕೆಮ್ಮೂದು?"

ಇಪ್ಪತ್ತು ವರ್ಷ ಅಳತೆಯ ಕೆಲಸ ಮಾಡಿದವನು ನಾನು; ಈ ಇಬ್ಬರ ಎದುರು ನನ್ನ ಪಾಟಿ ಯಾವ ಲೆಕ್ಕಕ್ಕೂ ಇರಲಿಲ್ಲ.

"ಮತ್ತೆ ಪಂಥ, ಅಜ್ಜಿ?"

"ಪಂಥ ಇದ್ದ ಹಾಂಗೇ ಅದೆ. ಮಳೆ ಹಿಡದ ಮೇಲೆ ಬುಟ್ಟಿ ಅವ್ಳಿಗೇ ಕೊಡ್ತೆ. ಸೋತು ಅಲ್ಲ, ನಾನಾಗೇ ಕೊಡ್ತೆ. ಅಲ್ಲೀತನಕ ನೀ ಬಾಯಿ ಬಿಡ್ಬೇಡ."

"ನಾನಾ? ನಾ ಯಾಕೆ ಹೇಳ್ಲಿ? ಅವಳೂ ನಂಗೆ ಹೇಳ್ಬೇಡ ಅಂತಲೇ..."

ಕಾಮಜ್ಜಿ ಇದ್ದಕ್ಕಿದ್ದಂತೆ ಕೆಮ್ಮಿದಳು. ಅಕ್ಕಪಕ್ಕದ ಮಾರುವವರೆಲ್ಲ ತಿರುಗಿ ನೋಡುವ ಹಾಗೆ, ಎದೆ ಹಿಡಿದುಕೊಂಡು ಎರಡು ಸಲ ಕೆಮ್ಮಿದಳು. ನಾನು ಹಿಂದೆ ನೋಡಿದೆ. ಅತ್ತೆಗೆ ಊಟದ ಡಬ್ಬಿ ಹಿಡಿದುಕೊಂಡು ದೇವಿ ಬರುತ್ತಿದ್ದಳು.

"ನಿಂತಿತ್ತಲ್ಲ ಅತ್ತೆ, ಮತ್ತೆ ಸುರು ಆಯ್ತಾ?" ಎಂದು ಅವಳು ಡಬ್ಬಿ ಇಟ್ಟು, ಕೂತು, ಮುದುಕಿಯ ಬೆನ್ನು ನೀವತೊಡಗಿದಳು. ಬಳೆಯಲ್ಲಿ ಪಿನ್ನುಗಳು ಹಾಗೆಯೇ ಇದ್ದವು. ಕಾಮಜ್ಜಿ ಬೆನ್ನು ನೀವಿಸಿಕೊಳ್ಳುತ್ತ ಇನ್ನೂ ಸ್ವಲ್ಪ ಹೊತ್ತು ಕೆಮ್ಮಿದಳು.